ಶೀತಕಾಲದಲ್ಲಿ ಹೊಗೆಯೊಲೆಯ ಫ್ಯಾನು

ಅಮೆರಿಕಾ ಸಂಯುಕ್ತ ಸಂಸ್ಥಾನದ ಉತ್ತರದಲ್ಲಿರುವ ಮಿನೆಸೋಟದಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ಇಳಿಯುವುದುಂಟು. ಅಲ್ಲಿಯೂ ಗೃಹಸ್ಥರು ಅಂಗಳದಲ್ಲಿ ಸ್ಮೋಕರ್ ಎಂಬ ಮುಚ್ಚಿದ ಒಲೆಯನ್ನಿಟ್ಟು, ಇದ್ದಿಲಿನ ಹೊಗೆಯಲ್ಲಿ, ಸುಮಾರು 110 ಡಿಗ್ರಿ ಶಾಖದಲ್ಲಿ, ಮಾಂಸವನ್ನು ರಾತ್ರಿಯಿಡೀ ಬೇಯಿಸುತ್ತಾರೆ. ಶಾಖವು ತಗ್ಗಿದೊಡನೆ ಯಂತ್ರವೊಂದು ಅದನ್ನು ತಿಳಿದು, ಸಣ್ಣ ವಿದ್ಯುತ್ ಫ್ಯಾನಿನಿಂದ ಕೆಂಡಕ್ಕೆ ಗಾಳಿಯನ್ನೂದಿಸುತ್ತದೆ.

ಈ ಫ್ಯಾನು ನಡುರಾತ್ರಿಯಲ್ಲಿ ನಿಂತರೆ ಕೆಂಡವು ನಂದುವುದು. 4ರಿಂದ 60 ಡಿಗ್ರಿಗಳ ನಡುವೆ ಬಹಳ ಹೊತ್ತು ಉಳಿದ ಮಾಂಸದಲ್ಲಿ ರೋಗಾಣುಗಳು ವೃದ್ಧಿಹೊಂದಿ, ಆಹಾರವೇ ವಿಷವಾದೀತು.

ಇದಕ್ಕೆ ಚಳಿಯೊಂದನ್ನೇ ದೂರುವುದು ಯುಕ್ತವಲ್ಲ. ಚಳಿಗೆ ಅಚ್ಚಿನ ಎಣ್ಣೆಯು ಮಂದವಾಗಿ ಫ್ಯಾನು ತಡವರಿಸುವುದು ನಿಜ. ಆದರೆ ಅದಕ್ಕಿಂತ ಪ್ರಬಲವಾದ ಶತ್ರು ತೇವ. ಫ್ಯಾನು ಸುಮ್ಮನಿರುವಾಗ ಒಲೆಯ ಹಬೆಯೂ ಜಿಡ್ಡಿನ ಹೊಗೆಯೂ ಹಿಂದಕ್ಕೆ ನುಗ್ಗಿ, ತಣ್ಣನೆಯ ರೆಕ್ಕೆಗಳ ಮೇಲೆ ನೀರಾಗಿಯೂ ಮಸಿಯಾಗಿಯೂ ನಿಲ್ಲುತ್ತವೆ. ಒಲೆಯು ಆರಿದ ಮೇಲೆ ಆ ನೀರು ಹೆಪ್ಪುಗಟ್ಟಿ ರೆಕ್ಕೆಗಳನ್ನು ಬಂಧಿಸುತ್ತದೆ. ಚಳಿಗೆ ಪೆಡಸಾದ ಪ್ಲಾಸ್ಟಿಕ್ ರೆಕ್ಕೆಯನ್ನು ಆಗ ಬಲಾತ್ಕಾರವಾಗಿ ತಿರುಗಿಸಿದರೆ ಅದು ಮುರಿಯಬಹುದು.

ಆದುದರಿಂದ ಅಡಿಗೆ ಮುಗಿದೊಡನೆ ಫ್ಯಾನನ್ನು ಕಳಚಿ, ಒರಸಿ, ಮನೆಯೊಳಗೆ ಒಣಗಲು ಇಡತಕ್ಕದ್ದು. ಗಾಳಿ ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ಕದವುಳ್ಳ ಫ್ಯಾನು ಉತ್ತಮ. ಇಷ್ಟಾದರೂ ಬೆಳಿಗ್ಗೆ ಒಲೆಯು ತಣ್ಣಗಾಗಿ, ಅದು ಯಾವಾಗ ಆರಿತೆಂದು ತಿಳಿಯದಿದ್ದರೆ, ಆ ಮಾಂಸವನ್ನು ಬಡಿಸದಿರುವುದೇ ಕ್ಷೇಮ.