ತೋಟಾಗಳಿಗೆ ಬರ ಬಂದಾಗ

2020ರಲ್ಲಿ ಕೋವಿಡ್ ಹರಡುತ್ತಿದ್ದಂತೆ ಅಮೆರಿಕದಲ್ಲಿ ಲಕ್ಷಾಂತರ ಜನ ಮೊದಲ ಬಾರಿಗೆ ಬಂದೂಕು ಕೊಂಡರು. ಅದೇ ವರ್ಷ ಬಂದೂಕು ಮತ್ತು ತೋಟಾಗಳ ದೊಡ್ಡ ತಯಾರಕ ಕಂಪನಿ ರೆಮಿಂಗ್ಟನ್ ದಿವಾಳಿಯಾಯಿತು. ಅಂಗಡಿಗಳಲ್ಲಿ ತೋಟಾ ಸಿಗದಾಯಿತು. 20 ಸೆಂಟ್ ಆಸುಪಾಸಿನಲ್ಲಿದ್ದ 9 ಎಂಎಂ ತೋಟಾದ ಬೆಲೆ 2021ರ ಆರಂಭಕ್ಕೆ ಸುಮಾರು ಮೂರು ಪಟ್ಟಾಯಿತು. ಸಿಕ್ಕಾಗ ಕೊಂಡು ಕೂಡಿಡುವವರು ಹೆಚ್ಚಿದಷ್ಟೂ ಕೊರತೆ ಬಿಗಡಾಯಿಸಿತು.

ಹವ್ಯಾಸಿ ಶೂಟರ್‌ಗಳಲ್ಲಿ ಹಲವರು ತೋಟಾಗಳನ್ನು ಮನೆಯಲ್ಲೇ ಮರುತುಂಬುತ್ತಾರೆ. ಹಿತ್ತಾಳೆಯ ಕೋಶವನ್ನು ಮತ್ತೆ ಮತ್ತೆ ಬಳಸಬಹುದು, ಗುಂಡನ್ನು ಸೀಸದಿಂದ ಎರಕ ಹೊಯ್ಯಬಹುದು. ಆದರೆ ಕೋಶದ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಪ್ರೈಮರ್ ಕಾರ್ಖಾನೆಯಿಂದಲೇ ಬರಬೇಕು. ಅದನ್ನು ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು. ಹಾಗಾಗಿ ಈ ದಾರಿಯೂ ಕಟ್ಟಿಕೊಂಡಿತು.

ಇಂಥ ಕೊರತೆಯಲ್ಲಿ ಶೂಟರ್‌ಗಳನ್ನು ನಿಜವಾಗಿ ಕೈಹಿಡಿಯುವುದು ಖಾಲಿ ಬಂದೂಕಿನ ಅಭ್ಯಾಸ. ತೋಟಾ ಇಲ್ಲವೆಂದು ಎರಡೆರಡು ಸಲ ಖಚಿತಪಡಿಸಿಕೊಂಡು, ಸುರಕ್ಷಿತ ಗೋಡೆಯ ಮೇಲಿನ ಗುರುತಿಗೆ ಗುರಿಯಿಟ್ಟು, ನಳಿಕೆಯ ತುದಿ ಕದಲದಂತೆ ಟ್ರಿಗರ್ ಒತ್ತಬೇಕು. ಗುರಿ ತಪ್ಪಿಸುವ ಬೆರಳಿನ ಎಳೆತ, ಸಿಡಿತದ ಸದ್ದಿಲ್ಲದಾಗಲೇ ಸ್ಪಷ್ಟವಾಗಿ ಕಾಣುತ್ತದೆ. ಒಲಿಂಪಿಕ್ ಮಟ್ಟದ ಶೂಟರ್‌ಗಳೂ ಇದನ್ನು ಬಿಡುವುದಿಲ್ಲ. ತೋಟಾದ ಬುಡದ ಅಂಚಿಗೆ ಪಿನ್ ಬಡಿದು ಹೊತ್ತಿಸುವ ಅನೇಕ .22 ರಿಮ್‌ಫೈರ್ ಬಂದೂಕುಗಳಲ್ಲಿ ಮಾತ್ರ ಖಾಲಿ ಹೊಡೆದರೆ ಆ ಪಿನ್ ನಳಿಕೆಯ ಹಿಂಬದಿಯ ಅಂಚಿಗೆ ಬಡಿದು ಹಾನಿಯಾಗಬಹುದು. ಅಲ್ಲಿ ಪ್ಲಾಸ್ಟಿಕ್‌ನ ಹುಸಿ ತೋಟಾ ಬೇಕು.

ಏರ್ ರೈಫಲ್ ಇನ್ನೊಂದು ಅಗ್ಗದ ದಾರಿ: 4.5 ಮಿ.ಮೀ. ಸೀಸದ ಪೆಲೆಟ್‌ಗೆ ಮದ್ದೂ ಬೇಡ, ಪ್ರೈಮರೂ ಬೇಡ. ಉಳಿದ ಅಸಲಿ ತೋಟಾಗಳನ್ನು ರೇಂಜಿನಲ್ಲಿ ಪೆಟ್ಟಿಗೆಗಟ್ಟಲೆ ಸುರಿಯುವ ಬದಲು, ಪ್ರತಿ ಹೊಡೆತ ಎಲ್ಲಿ ಬಿತ್ತೆಂದು ಬರೆದಿಟ್ಟು ಹತ್ತು ತೋಟಾಗಳಲ್ಲೇ ಅಭ್ಯಾಸ ಮುಗಿಸಬಹುದು.