ಕಸದ ಡಬ್ಬಿಯಲ್ಲಿ ಕಂಡ ನೀಲಿ ಮಿಂಚು

ಗಾಮಾ ಕಿರಣ ನೆಲ ಮುಟ್ಟುವುದಿಲ್ಲ. ವಾಯುಮಂಡಲದ ಮೇಲ್ಪದರದಲ್ಲೇ ಅದರ ಕಥೆ ಮುಗಿಯುತ್ತದೆ. ಅದಕ್ಕೇ ಉಪಗ್ರಹಗಳನ್ನು ಮೇಲಕ್ಕೆ ಕಳಿಸಿದರು. ಆದರೆ ಅತಿ ಹೆಚ್ಚು ಶಕ್ತಿಯ ಕಿರಣಗಳು ಎಷ್ಟು ವಿರಳವೆಂದರೆ, ಉಪಗ್ರಹದ ಪುಟ್ಟ ಉಪಕರಣಕ್ಕೆ ಅವು ಸಿಕ್ಕುವುದೇ ಕಷ್ಟ. ಅವನ್ನು ಹಿಡಿಯುವ ದಾರಿ ನೆಲದ ಮೇಲೆಯೇ ತೆರೆದುಕೊಂಡಿತು.

ಆಕಾಶದಿಂದ ಬಂದ ಕಿರಣ ಗಾಳಿಗೆ ಬಡಿದಾಗ ಕಣಗಳ ಸುರಿಮಳೆಯಾಗುತ್ತದೆ. ಗಾಳಿಯಲ್ಲಿ ಬೆಳಕಿನ ವೇಗ ತುಸು ತಗ್ಗುವುದರಿಂದ ಈ ಕಣಗಳು ಅದನ್ನೂ ಹಿಂದಿಕ್ಕುತ್ತವೆ. ಆಗ ಹೊಮ್ಮುವುದೇ ಚೆರೆಂಕೋವ್ ಬೆಳಕು: ನಸುನೀಲಿ, ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲುಗಳಷ್ಟು ಹೊತ್ತಿನದು. ರಾತ್ರಿಯಾಕಾಶದ ಬೆಳಕಿನಲ್ಲಿ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಇದರದ್ದು ಎಂದು 1948ರಲ್ಲಿ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಲೆಕ್ಕ ಹಾಕಿದ್ದರು. 1952ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಗಾಲ್‌ಬ್ರೇತ್ ಮತ್ತು ಜೆಲ್ಲಿ ಎಂಬ ವಿಜ್ಞಾನಿಗಳು ಒಂದು ಕಸದ ಡಬ್ಬಿ ತಂದರು. ಅದರೊಳಗೆ 25 ಸೆಂಟಿಮೀಟರ್ ಅಗಲದ ಕನ್ನಡಿ, ಕನ್ನಡಿಯ ಮುಂದೆ ಮಂದ ಬೆಳಕನ್ನೂ ಗುರುತಿಸುವ ಒಂದು ನಳಿಗೆ. ಡಬ್ಬಿಯನ್ನು ಆಕಾಶಕ್ಕೆ ಮುಖ ಮಾಡಿ ಇಟ್ಟರು. ಮಿಂಚುಗಳು ಕಂಡವು! ವಿಜ್ಞಾನದ ಇತಿಹಾಸದಲ್ಲಿ ನನಗೆ ಇಷ್ಟು ಪ್ರಿಯವಾದ ಉಪಕರಣ ಇನ್ನೊಂದಿಲ್ಲ.

ತೊಡಕು ಶುರುವಾದದ್ದು ಆಮೇಲೆ. ಇಂಥ ಮಿಂಚುಗಳಲ್ಲಿ ಬಹುಪಾಲು ಗಾಮಾ ಕಿರಣದವಲ್ಲ, ಎಲ್ಲ ದಿಕ್ಕುಗಳಿಂದಲೂ ಬರುವ ಪ್ರೋಟಾನುಗಳವು. ಜೊಳ್ಳಿನ ರಾಶಿಯಲ್ಲಿ ಕಾಳು ಹುಡುಕುವ ಕೆಲಸ. ಅಮೆರಿಕದ ಅರಿಜೋನಾದಲ್ಲಿ 1968ರಲ್ಲೇ 10 ಮೀಟರ್ ಅಗಲದ ವಿಪಲ್ ದೂರದರ್ಶಕ ಎದ್ದು ನಿಂತಿತ್ತು. ವರ್ಷಗಟ್ಟಲೆ ಕಾದರೂ ಖಚಿತವಾದದ್ದೇನೂ ದಕ್ಕಲಿಲ್ಲ. 1985ರಲ್ಲಿ ವಿಜ್ಞಾನಿ ಮೈಕೆಲ್ ಹಿಲ್ಲಾಸ್ ಸುಳಿವು ಕೊಟ್ಟರು: ಗಾಮಾ ಕಿರಣದ ಮಿಂಚಿನ ಚಿತ್ರ ತೆಳ್ಳಗೆ, ನೀಳವಾಗಿ, ತನ್ನ ಮೂಲದತ್ತ ಮುಖ ಮಾಡಿರುತ್ತದೆ, ಪ್ರೋಟಾನಿನದು ಅಡ್ಡಾದಿಡ್ಡಿ. ವಿಪಲ್‌ನ ಟ್ರೆವರ್ ವೀಕ್ಸ್ ತಂಡ ಇದೇ ಜರಡಿ ಹಿಡಿದು, 1054ರಲ್ಲಿ ಚೀನೀಯರು ಕಂಡಿದ್ದ ತಾರಾಸ್ಫೋಟದ ಅವಶೇಷವಾದ ಏಡಿ ನೀಹಾರಿಕೆಯಿಂದ ಗಾಮಾ ಕಿರಣ ಬರುತ್ತಿರುವುದನ್ನು 1989ರಲ್ಲಿ ಸಾರಿತು. ಇಪ್ಪತ್ತು ವರ್ಷ ಕೈಚೆಲ್ಲದೆ ಕೂತವರಿಗೆ ಸಿಕ್ಕ ಫಲ ಅದು.

ಭಾರತದಲ್ಲಿ ಈ ಕೆಲಸ ಲಡಾಖ್‌ನ ಹಾನ್ಲೆಗೆ ಏರಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕೂಡಿ ಅಲ್ಲಿ ಏಳು ದೂರದರ್ಶಕಗಳ 'ಹಗರ್' ಕಟ್ಟಿದವು. ಭಾಭಾ ಅಣು ಸಂಶೋಧನಾ ಕೇಂದ್ರದ ಮುಂದಾಳತ್ವದ 'ಮೇಸ್' ದೂರದರ್ಶಕ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು: 21 ಮೀಟರ್ ಅಗಲದ ಕನ್ನಡಿ, ಅದರ ಕ್ಯಾಮೆರಾದಲ್ಲಿ 1088 ನಳಿಗೆಗಳು. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದ ಆ ಜಾಗಕ್ಕೆ ಕತ್ತಲೇ ಬಂಡವಾಳ. ಲಡಾಖ್ ಪ್ರವಾಸದಲ್ಲಿ ಹಾನ್ಲೆಗೆ ಹೋಗುವವರು ದಯವಿಟ್ಟು ಇರುಳಲ್ಲಿ ಗಾಡಿಯ ಹೆಡ್‌ಲೈಟನ್ನು ಆಕಾಶದತ್ತ ಚೆಲ್ಲಬೇಡಿ.