ಸೂರ್ಯನ ತೇರೇರಿದ ಕ್ರಿಸ್ತ

ಪ್ರತಿವರ್ಷ ಸೆಪ್ಟೆಂಬರ್ 8ರಂದು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಿಂದ ಮಾತೆಯ ತೇರು ಹೊರಡುತ್ತದೆ. ಸೀರೆ ಉಟ್ಟ ಮೇರಿಯಮ್ಮ, ಹೂವಿನ ಹಾರ, ದೀಪಾಲಂಕಾರ, ಬೀದಿ ತುಂಬ ಜನ. ಜಾತಿ ಮತದ ಭೇದವಿಲ್ಲದೆ ಹರಕೆ ಹೊತ್ತವರು ಬರುತ್ತಾರೆ. ಪಕ್ಕದ ಹಲಸೂರಿನಲ್ಲಿ ಸೋಮೇಶ್ವರನಿಗೂ ತೇರುಂಟು. ಎರಡನ್ನೂ ಕಂಡವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಒಂದು ಧರ್ಮ ಇನ್ನೊಂದರ ತೇರು ಏರಿದರೆ, ಅದರ ದೇವರನ್ನೂ ಒಪ್ಪಿಕೊಂಡಂತೆಯೆ?

ಮೇರಿಯಮ್ಮನ ಚರ್ಚು ಇರುವ ಜಾಗದ ಹಿಂದಿನ ಹೆಸರು ಬ್ಲ್ಯಾಕ್‌ಪಲ್ಲಿ. 1818ರಲ್ಲಿ ಅಲ್ಲಿ ಹುಲ್ಲುಮಾಡಿನ ಪ್ರಾರ್ಥನಾಲಯ ಕಟ್ಟಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಊರವರಂತೆ ಉಟ್ಟು, ಊರವರಂತೆ ಉಂಡು ಬಾಳಿದ ಅವರು ಜನರ ಬಾಯಲ್ಲಿ ದೊಡ್ಡಸ್ವಾಮಿ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಇಲ್ಲಿನ ಕ್ರೈಸ್ತರ ಮೆರವಣಿಗೆಗಳನ್ನು ಬಣ್ಣಿಸಿದ್ದಾರೆ: ತಮಟೆ, ಕಹಳೆ, ಪಂಜು, ಬಾಣಬಿರುಸು, ಹಾರ ಹಾಕಿದ ಸಂತರ ಮೂರ್ತಿ, ಕೂಗುತ್ತ ತೇರೆಳೆಯುವ ಜನ. ಇದು ಹಿಂದೂ ಉತ್ಸವದ ಪಡಿಯಚ್ಚು ಎಂದು ಅವರಿಗೆ ಬೇಸರವಿತ್ತು.

ಆದರೆ ಅವರ ಧರ್ಮದ ಕೇಂದ್ರದಲ್ಲೇ, ನೆಲದ ಅಡಿಯಲ್ಲಿ, ಇನ್ನೂ ಹಳೆಯದೊಂದು ತೇರು ಅಡಗಿತ್ತು.

1574ರಲ್ಲಿ ರೋಮಿನ ಸಂತ ಪೇತ್ರರ ಬೆಸಿಲಿಕಾದಲ್ಲಿ ಕೆಲಸ ನಡೆಯುವಾಗ ನೆಲ ತೂತಾಗಿ, ಕೆಳಗೊಂದು ಗೋರಿಮನೆ ಕಂಡಿತು. ಚಿನ್ನದ ಬಣ್ಣದ ಚಾವಣಿ, ಕುದುರೆಗಳ ಚಿತ್ರ. ಕಂಡದ್ದನ್ನು ಬರೆದಿಟ್ಟರು, ತೂತು ಮುಚ್ಚಿದರು. ಮತ್ತೆ ಅದು ಬೆಳಕು ಕಂಡದ್ದು 1940ರ ದಶಕದಲ್ಲಿ. ಹನ್ನೊಂದನೆಯ ಪಿಯುಸ್ ಪೋಪರ ಸಮಾಧಿಗಾಗಿ 1939ರಲ್ಲಿ ನೆಲಮಾಳಿಗೆಯನ್ನು ಅಗೆದಾಗ ಹಳೆಯ ಗೋಡೆಗಳು ತಲೆ ಎತ್ತಿದವು. ಮಹಾಯುದ್ಧದ ನಡುವೆ, ಸದ್ದುಗದ್ದಲವಿಲ್ಲದೆ, ಯೇಸುಸಭೆಯ ಕಿರ್ಶ್‌ಬೌಮ್, ಫೆರ್ರುವಾ ಮೊದಲಾದವರು ಉತ್ಖನನ ಮುಂದುವರಿಸಿದರು. ಬೆಸಿಲಿಕಾದ ಅಡಿಯಲ್ಲಿ ಗೋರಿಮನೆಗಳ ಒಂದು ಬೀದಿಯೇ ಸಿಕ್ಕಿತು.

ಆ ಬೀದಿಯ ಪುಟ್ಟ ಮನೆಯೊಂದು ಯೂಲಿಯಸ್ ಮನೆತನದ್ದು. ಚಾವಣಿಯ ಮೊಸಾಯಿಕ್‌ನಲ್ಲಿ ಹಳದಿ ಹಿನ್ನೆಲೆ, ಹಸಿರು ದ್ರಾಕ್ಷಿಬಳ್ಳಿ. ನಡುವೆ, ಬಿಳಿ ಕುದುರೆಗಳ ತೇರಿನಲ್ಲಿ, ತಲೆಯ ಸುತ್ತ ಕಿರಣಗಳು ಚಿಮ್ಮುವ, ಕೈಯಲ್ಲಿ ಗೋಳ ಹಿಡಿದ ಯುವಕ. ಚಿತ್ರದ ಒಂದು ಭಾಗ 1574ರ ತೂತಿಗೇ ಬಲಿಯಾಗಿದೆ. ಯಾವ ರೋಮನ್ನನಾದರೂ ನೋಡಿದೊಡನೆ ಗುರುತಿಸುತ್ತಿದ್ದ ರೂಪ ಅದು: ಸೂರ್ಯದೇವ.

ಗೋಡೆಗಳು ಮಾತ್ರ ಬೇರೆಯೇ ಕತೆ ಹೇಳುತ್ತವೆ. ಒಂದರ ಮೇಲೆ ಗಾಳ ಹಾಕಿದ ಬೆಸ್ತ. ಇನ್ನೊಂದರ ಮೇಲೆ ದೊಡ್ಡ ಮೀನಿನ ಬಾಯಿಗೆ ಬೀಳುತ್ತಿರುವ ಬೈಬಲಿನ ಯೋನ. ಮತ್ತೊಂದರ ಮೇಲೆ ಕುರಿ ಹೊತ್ತ ಕುರುಬ. ಮೂರೂ ಆದಿಕ್ರೈಸ್ತರಿಗೆ ಆಪ್ತವಾದ ಚಿತ್ರಗಳು. ಹೀಗಾಗಿ ಹೆಚ್ಚಿನ ವಿದ್ವಾಂಸರು ತೇರಿನಲ್ಲಿರುವವನು ಕ್ರಿಸ್ತನೇ ಎನ್ನುತ್ತಾರೆ. ಅವನು ಬರಿಯ ಸೂರ್ಯ ಎನ್ನುವವರೂ ಇದ್ದಾರೆ. ಜನರ ಮನಸ್ಸಿನಲ್ಲೂ ಈ ಎರಡು ಬೆಳಕುಗಳು ಬಹುಕಾಲ ಬೆರೆತೇ ಇದ್ದವು. ಐದನೆಯ ಶತಮಾನದಲ್ಲಿ ಇದೇ ಜಾಗದಲ್ಲಿದ್ದ ಹಳೆಯ ಬೆಸಿಲಿಕಾದ ಮೆಟ್ಟಿಲ ಮೇಲೆ ನಿಂತು, ಹಿಂದಕ್ಕೆ ತಿರುಗಿ ಉದಯಸೂರ್ಯನಿಗೆ ಬಾಗುತ್ತಿದ್ದ ಭಕ್ತರನ್ನು ಪೋಪ್ ಲಿಯೋ ಗದರಿಸಿದ್ದರು.

ಹಾಗೆಂದು ಹೋಲಿಕೆ ಕಂಡಲ್ಲೆಲ್ಲ ಎರವಲು ಎನ್ನುವಂತಿಲ್ಲ. ಕ್ರಿಸ್ತನಂತೆ ರೋಮನ್ನರ ಮಿತ್ರ ದೇವತೆಯೂ ಕನ್ಯೆಯ ಮಗ ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ; ರೋಮನ್ ಶಿಲ್ಪಗಳಲ್ಲಿ ಅವನು ಹುಟ್ಟುವುದು ಬಂಡೆಯಿಂದ. ಕಿವಿಮಾತಿಗಿಂತ ಕಲ್ಲು ಹೇಳುವ ಸಾಕ್ಷಿ ದೊಡ್ಡದು.

ಚಾವಣಿಯೊಂದನ್ನೇ ನೋಡಿದವರಿಗೆ ಅಲ್ಲಿ ಸೂರ್ಯ ಮಾತ್ರ ಕಾಣುತ್ತಾನೆ. ಗೋಡೆಗಳನ್ನೂ ಓದಿದವರಿಗೆ, ತಮಗೆ ಗೊತ್ತಿದ್ದ ಅತ್ಯಂತ ಭವ್ಯ ರೂಪದಲ್ಲಿ ತಮ್ಮ ದೇವರನ್ನು ಕಾಣಲು ಹೊರಟ ಜನ ಕಾಣುತ್ತಾರೆ. ಬ್ಲ್ಯಾಕ್‌ಪಲ್ಲಿಯ ಭಕ್ತರು ಮಾಡಿದ್ದೂ ಅದನ್ನೇ. ಅದರಲ್ಲಿ ಕಳವೂ ಇಲ್ಲ, ಕಳಂಕವೂ ಇಲ್ಲ.